ಓದುಗರ ಪ್ರಶ್ನೆ, ಡಾಕ್ಟ್ರ ಉತ್ತರ: ಮಳೆ ಬಿಟ್ಟ ಮೇಲಿನ ಎರಡು ತಿಂಗಳು

ಚೌತಿ ಮುಗಿದು ನವರಾತ್ರಿ ಬರುವಷ್ಟರಲ್ಲಿ ನಮ್ಮೂರಲ್ಲಿ ಎಲ್ರೂ ಅಬ್ಬ ಮಳೆ ಮುಗೀತು ಅಂತ ನಿಟ್ಟುಸಿರು ಬಿಡ್ತಾರೆ. ಬೆಳಿಗ್ಗೆ ಚುರುಚುರು ಬಿಸಿಲು, ಮಧ್ಯಾಹ್ನ ಸೆಕೆ, ಸಂಜೆ ಗುಡುಗು, ರಾತ್ರಿ ಮತ್ತೆ ನಾಲ್ಕು ಹನಿ. ಮಳೆ ಬಿಟ್ಟಿತಲ್ಲ, ಇನ್ನೆಂತ ಅಂತ ಸ್ವಲ್ಪ ಉದಾಸೀನ ಬರ್ತದೆ. ಆದ್ರೆ ಮಂಗಳೂರು, ಉಡುಪಿ ಕಡೆ ಜ್ವರ, ತುರಿಕೆ, ಸೀನು ಇದೆಲ್ಲ ಜನರನ್ನು ಬಿಡದೆ ಕಾಡುವುದು ಈ ಮಳೆ-ಬಿಸಿಲು ಸೇರುವ ಹೊತ್ತಲ್ಲೂ ಹೌದು. ಈ ಸಲ ಬಂದ ಪ್ರಶ್ನೆಗಳೂ ಹೆಚ್ಚಿನವು ಅದರದ್ದೇ, ಹಾಗಾಗಿ ಬೇರೆ ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವನ್ನೇ ತಗೊಂಡಿದ್ದೇನೆ.

ಡಾಕ್ಟ್ರೇ, ನಮ್ಮದು ಅಡಿಕೆ ತೋಟದ ಮನೆ. ಹೋದ ವರ್ಷ ದೀಪಾವಳಿ ಹೊತ್ತಿಗೆ ಮನೆಯಲ್ಲಿ ಇಬ್ರಿಗೆ ಡೆಂಗ್ಯೂ ಆಯ್ತು. ಈ ಸಲ ನಿಂತ ನೀರೆಲ್ಲ ಚೆಲ್ಲಿದ್ದೇವೆ, ರಾತ್ರಿ ಸೊಳ್ಳೆ ಬತ್ತಿಯೂ ಇಡ್ತೇವೆ. ಇನ್ನೆಂತ ಮಾಡ್ಬೇಕು? (ಹೆಸರು ಬೇಡ, ಬಂಟ್ವಾಳ)

ಚೆಲ್ಲಿದ್ದು ಒಳ್ಳೇದೇ, ಆದ್ರೆ ಚೆಲ್ಲಿದ್ರೆ ಸಾಲ್ದು, ತಿಕ್ಕಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸಿ. ಬಚ್ಚಲಿನ ಹಿಂದಿನ ಡ್ರಮ್ಮಿನ ಒಳಗೆ ಒಮ್ಮೆ ಟಾರ್ಚ್ ಹಾಕಿ ನೋಡಿ, ನೀರಿನ ಗೆರೆ ಹತ್ರ ಮಸಿ ಉದುರಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಕಂಡ್ರೆ ಅದು ಮೊಟ್ಟೆಯೇ ಇರಬಹುದು. ನೀರು ಚೆಲ್ಲಿ ಡ್ರಮ್ಮು ಒಣಗಿಸಿದ್ರೂ ಅದು ತಿಂಗಳುಗಟ್ಟಲೆ ಹಾಗೆಯೇ ಬದುಕಿರ್ತದೆ, ಮತ್ತೆ ಒಂದು ಗುಡುಗು ಮಳೆ ಬಂದು ನೀರು ಮುಟ್ಟಿದ್ರೆ ಒಡೆದು ಮರಿ ಆಗ್ತದೆ. ಅಲ್ಲಿಂದ ಹಾರುವ ಸೊಳ್ಳೆ ಆಗ್ಲಿಕ್ಕೆ ಸಾಧಾರಣ 7ರಿಂದ 10 ದಿನ ಸಾಕು, ಹಾಗಾಗಿ ಭಾನುವಾರ ಅಂತ ಒಂದು ದಿನ ಇಟ್ಕೊಂಡು ವಾರವಾರ ಡ್ರಮ್ಮು, ಬಕೆಟು, ದನದ ನೀರಿನ ತೊಟ್ಟಿ ಎಲ್ಲ ಬ್ರಶ್ಶಲ್ಲಿ ಗಸಗಸ ತಿಕ್ಕಿ ತೊಳೀರಿ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ ಎತ್ತಿ ಒಂದು ಕಡೆ ಕವುಚಿ ಹಾಕಿ, ಅದರ ಗುಳಿಯಲ್ಲಿ ನಿಲ್ಲುವ ಒಂದು ಲೋಟ ನೀರು ಸೊಳ್ಳೆಗೆ ಧಾರಾಳ ಆಯ್ತು. ಬೊಂಡದ (ಎಳನೀರಿನ) ಚಿಪ್ಪು, ಗೆರಟೆ, ಟರ್ಪಾಲು ಜೋತು ನೀರು ನಿಂತ ಜಾಗ, ಫ್ರಿಜ್ಜಿನ ಹಿಂದಿನ ಟ್ರೇ, ರಬ್ಬರ್ ಮರ ಇದ್ರೆ ಅದರ ಹಾಲು ಹಿಡಿಯುವ ಕಪ್ಪು, ಇವನ್ನೂ ನೋಡಿ.

ಇನ್ನು ಬತ್ತಿ. ಈಡಿಸ್ ಕಚ್ಚುವುದು ಹಗಲು, ಅದೂ ಬೆಳಿಗ್ಗೆ ಮತ್ತೆ ಮುಸ್ಸಂಜೆಗೆ ಮೊದಲು ಜಾಸ್ತಿ. ತೋಟಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿ, ಕೈಕಾಲಿಗೆ ಸೊಳ್ಳೆ ಕ್ರೀಮ್ ಹಚ್ಚಿ. ರಾತ್ರಿ ಕಚ್ಚುವುದು ಮಲೇರಿಯಾದ ಸೊಳ್ಳೆ. ಮಂಗಳೂರು ಪೇಟೆಯಲ್ಲಿ ಅದು ಟೆರೇಸಿನ ಟ್ಯಾಂಕಿ, ಕಟ್ಟಡ ಕಟ್ಟುವಲ್ಲಿ ನಿಂತ ನೀರು, ಇಂಥ ಕಡೆ ಬೆಳೀತದೆ, ಅದಕ್ಕೆ ಸೊಳ್ಳೆ ಪರದೆಯೇ ಒಳ್ಳೇದು.

ಜ್ವರ ಬಂದ್ರೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಒಂದು ಡೋಸಿಂದ ಇನ್ನೊಂದಕ್ಕೆ ಆರು ಗಂಟೆ ಬಿಟ್ಟು. ಮೈಕೈ ನೋವು ಅಂತ ಮೆಡಿಕಲ್‌ನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ತಂದು ನುಂಗ್ಬೇಡಿ, ಡೆಂಗ್ಯೂ ಆಗಿದ್ರೆ ರಕ್ತಸ್ರಾವ ಜಾಸ್ತಿ ಆಗ್ತದೆ. (ಹಾರ್ಟಿಗೆ ಅಂತ ದಿನಾ ಆಸ್ಪಿರಿನ್ ತಗೊಳ್ಳುವವರು ಮಾತ್ರ ನೀವೇ ಬಿಡ್ಬೇಡಿ, ಡಾಕ್ಟ್ರ ಹತ್ರ ಕೇಳಿ.) ಎರಡನೇ ದಿನಕ್ಕೂ ಜ್ವರ ಇದ್ರೆ ರಕ್ತ ಪರೀಕ್ಷೆ ಮಾಡಿಸಿ, ಮಲೇರಿಯಾದ್ದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಫ್ರೀ ಉಂಟು. ಜ್ವರ ಇಳೀತು, ಇನ್ನು ಆರಾಮ ಅಂತ ಗದ್ದೆಗೋ ಆಫೀಸಿಗೋ ಹೊರಡುವವರೇ ಜಾಸ್ತಿ, ಆದ್ರೆ ಡೆಂಗ್ಯೂವಿನಲ್ಲಿ ಕಷ್ಟ ಶುರುವಾಗುವುದು ಆ ಇಳಿಯುವ ಒಂದೆರಡು ದಿನದಲ್ಲೇ. ಹೊಟ್ಟೆನೋವು, ಬಿಡದೆ ವಾಂತಿ, ಒಸಡಲ್ಲಿ ರಕ್ತ, ತುಂಬ ಸುಸ್ತು, ಮೂತ್ರ ಕಮ್ಮಿ, ಇದರಲ್ಲಿ ಒಂದು ಕಂಡ್ರೂ ರಾತ್ರಿಯಾದ್ರೂ ಸರಿ, ಆಸ್ಪತ್ರೆಗೆ ಹೋಗಿ. ಪರೀಕ್ಷೆಯಲ್ಲಿ ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ ಅಂತ ಬಂದ್ರೆ 14 ದಿನದ ಮಾತ್ರೆ ಪೂರ್ತಿ ಮುಗಿಸಿ. ಜ್ವರ ಬಿಟ್ಟಿತು ಅಂತ ನಾಲ್ಕೇ ದಿನಕ್ಕೆ ನಿಲ್ಸಿದ್ರೆ ಲಿವರ್‌ನಲ್ಲಿ ಮಲಗಿದ ಪರಾವಲಂಬಿ ಒಂದೆರಡು ತಿಂಗಳು ಬಿಟ್ಟು ಪುನಃ ಏಳ್ತದೆ.

ಅಮ್ಮನಿಗೆ ಶುಗರ್ ಉಂಟು, ಮಾತ್ರೆ ತಗೊಳ್ತಾರೆ. ನವರಾತ್ರಿ ಒಂಬತ್ತು ದಿನ ಒಪ್ಪೊತ್ತು ಮಾಡ್ತೇನೆ ಅಂತ ಹಠ. ಬೇಡ ಅಂದ್ರೆ ಬೇಜಾರು ಮಾಡ್ಕೊಳ್ತಾರೆ. ಎಂತ ಮಾಡುವುದು? (ಒಬ್ಬ ಮಗಳು, ಉಡುಪಿ)

ಬೇಜಾರು ಮಾಡಿಸ್ಲಿಕ್ಕೆ ಹೋಗ್ಬೇಡಿ, ಆದ್ರೆ ನವರಾತ್ರಿಗೆ ಒಂದು ವಾರ ಮೊದಲೇ ಅವರ ಮಾತ್ರೆ ಚೀಟಿ ಹಿಡ್ಕೊಂಡು ಡಾಕ್ಟ್ರ ಹತ್ರ ಹೋಗಿ. ಯಾವ ಮಾತ್ರೆ ಅನ್ನುವುದೇ ಇಲ್ಲಿ ಮುಖ್ಯ. ಬರೀ ಮೆಟ್‌ಫಾರ್ಮಿನ್ ಆದ್ರೆ ಅಷ್ಟು ಹೆದರಿಕೆ ಇಲ್ಲ, ಗ್ಲಿಮಿಪಿರೈಡ್, ಗ್ಲಿಕ್ಲಝೈಡ್ ಇದ್ರೆ ಅಥವಾ ಇನ್ಸುಲಿನ್ ತಗೊಂಡ್ರೆ ಊಟ ಬಿಟ್ಟ ದಿನ ಶುಗರ್ ದಢಕ್ಕನೆ ಇಳೀತದೆ, ಡೋಸ್ ಬದಲಿಸ್ಬೇಕಾಗ್ತದೆ. ಆ ಬದಲಾವಣೆ ಪಕ್ಕದ ಮನೆಯವರನ್ನು ಕೇಳಿ ಮಾಡುವುದಲ್ಲ.

ನನಗೆ ತುಂಬ ಚಿಂತೆ ಆಗುವ ಒಂದು ವಿಷಯ ಹೇಳ್ತೇನೆ. ಶುಗರ್ ಇಳಿದಾಗ ಬೆವರು ಬರ್ತದೆ, ಕೈ ನಡುಗ್ತದೆ, ಎದೆ ಡವಗುಟ್ಟುತ್ತದೆ, ತಲೆ ಹಗುರ ಆದ ಹಾಗೆ ಆಗ್ತದೆ. ನಮ್ಮ ಊರಿನ ಅಕ್ಟೋಬರ್ ಸೆಕೆಗೆ ಎಲ್ರೂ ಬೆವರ್ತಾರಲ್ಲ, ಅದರ ನಡುವೆ ಅಮ್ಮ ದೇವಸ್ಥಾನದ ಕ್ಯೂನಲ್ಲಿ ನಿಂತು ಬೆವರಿದ್ರೆ ಸೆಕೆ ಇರ್ಬೇಕು ಅಂತ ಫ್ಯಾನ್ ಕೆಳಗೆ ಕೂರಿಸಿ ಸುಮ್ನಾಗ್ತಾರೆ. ದಯವಿಟ್ಟು ಹಾಗೆ ಬಿಡ್ಬೇಡಿ, ಮೀಟರ್ ಇದ್ರೆ ಅಲ್ಲೇ ನೋಡಿ. 70ಕ್ಕಿಂತ ಕಮ್ಮಿ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ರೆ ಮತ್ತೊಮ್ಮೆ ಕುಡಿಸಿ, ಆಮೇಲೆ ಊಟ. ಮೀಟರ್ ಇಲ್ಲದಿದ್ರೂ ಸಂಶಯ ಬಂದ್ರೆ ಸಕ್ಕರೆ ಕೊಡಿ, ಪ್ರಸಾದದ ಬೆಲ್ಲವೂ ಆಗ್ತದೆ. ಆ ದಿನಕ್ಕೆ ಉಪವಾಸ ಅಲ್ಲಿಗೇ ಮುಗೀತು. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕ್ಬೇಡಿ, ಉಸಿರಿನ ನಾಳಕ್ಕೆ ಹೋಗ್ತದೆ, ನೇರ ಆಸ್ಪತ್ರೆಗೆ.

ರಾತ್ರಿ ಫಲಾಹಾರ ಅಂತ ಸಾಬಕ್ಕಿ, ಬೆಲ್ಲದ ಅವಲಕ್ಕಿ, ಬಾಳೆಹಣ್ಣು ಹೊಟ್ಟೆ ತುಂಬ ತಿಂದ್ರೆ ಉಲ್ಟಾ ಏರ್ತದೆ. ಹೆಸರುಕಾಳಿನ ಉಸ್ಲಿ, ಮಜ್ಜಿಗೆ, ಮುಳ್ಳುಸೌತೆ ಇಂಥದ್ದು ಕೊಡಿ. ಮತ್ತೊಂದು, ದೇವಸ್ಥಾನದ ಅಂಗಣದ ಕಲ್ಲು ಮಧ್ಯಾಹ್ನ ಕಾದಿರ್ತದೆ, ಶುಗರ್‌ನವರಿಗೆ ಕಾಲಡಿ ಜೋಮು ಇದ್ರೆ ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಅವರನ್ನು ಬೆಳಿಗ್ಗೆಯೇ ಕರ್ಕೊಂಡು ಹೋಗಿ, ರಾತ್ರಿ ಮಲಗುವ ಮೊದಲು ಎರಡೂ ಅಂಗಾಲು ನೀವೇ ಬೆಳಕಿಗೆ ಹಿಡಿದು ನೋಡಿ.

ತೊಡೆ ಸಂದಿಯಲ್ಲಿ ಹುಳುಕಡ್ಡಿ. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮ್ ಹಚ್ಚಿದ್ರೆ ಎರಡು ದಿನದಲ್ಲಿ ಕಮ್ಮಿ, ಬಿಟ್ರೆ ಮತ್ತೆ ಬರ್ತದೆ, ಈಗ ಸೊಂಟಕ್ಕೂ ಹಬ್ಬಿದೆ. (ಹೆಸರು ಬೇಡ, ಕಾಪು)

ಟ್ಯೂಬ್ ತಂದು ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಸಾಲ್, ಬೆಕ್ಲೊಮೆಥಸೋನ್ ಅಂತೆಲ್ಲ ಇದ್ರೆ ಅದು ಸ್ಟಿರಾಯ್ಡ್ ಬೆರೆಸಿದ್ದು. ಸ್ಟಿರಾಯ್ಡ್ ತುರಿಕೆಯನ್ನು ಮುಚ್ಚಿ ಹಾಕ್ತದೆ, ಫಂಗಸ್ ಒಳಗಿಂದ ಹಬ್ತಾ ಹೋಗ್ತದೆ, ಚರ್ಮವೂ ತೆಳು ಆಗ್ತದೆ. ಅದನ್ನು ನಿಲ್ಸಿ ಚರ್ಮದ ಡಾಕ್ಟ್ರಿಗೆ ತೋರ್ಸಿ. ನಾಚಿಕೆ ಪಡುವಂಥದ್ದೇನಿಲ್ಲ, ಈ ಬೆವರಿನ ಊರಲ್ಲಿ ಎಷ್ಟೋ ಜನರಿಗೆ ಉಂಟು. ಅವರು ಹೇಳಿದಷ್ಟು ವಾರ ಔಷಧಿ ಹಚ್ಚಿ, ಕಲೆ ಮಾಯವಾದ ಮೇಲೂ. ಟವೆಲು ಬೇರೆ ಇಡಿ, ಒಳಬಟ್ಟೆ ಬಿಸಿಲಲ್ಲಿ ಗರಿಗರಿ ಒಣಗಲಿ, ಮೋಡ ಇದ್ರೆ ಇಸ್ತ್ರಿ ಹಾಕಿ. ಮನೆಯಲ್ಲಿ ಬೇರೆಯವರಿಗೂ ಇದ್ರೆ ಎಲ್ರೂ ಒಟ್ಟಿಗೆ ಮದ್ದು ಮಾಡ್ಬೇಕು.

ಬಿಜೈಯಲ್ಲಿ ನಮ್ಮ ಫ್ಲ್ಯಾಟ್. ಮಳೆ ಮುಗಿದ ಮೇಲೆ ಕಪಾಟು ತೆರೆದ್ರೆ ಬೂಸ್ಟಿನ ವಾಸನೆ, ಮಗ ಬೆಳಿಗ್ಗೆ ಎದ್ದ ಕೂಡ್ಲೇ ಇಪ್ಪತ್ತು ಸೀನು ಸೀನ್ತಾನೆ, ರಾತ್ರಿ ಉಸಿರು ಕುಯ್ ಅನ್ತದೆ. (ಒಬ್ಬರು ಅಮ್ಮ, ಮಂಗಳೂರು)

ಬೂಸ್ಟು ಒಂದು, ಹಾಸಿಗೆ-ತಲೆದಿಂಬಿನೊಳಗಿನ ಕಣ್ಣಿಗೆ ಕಾಣದ ಧೂಳಿನ ನುಸಿ ಇನ್ನೊಂದು. ಎರಡಕ್ಕೂ ತೇವ ಅಂದ್ರೆ ಹಬ್ಬ, ನಾಲ್ಕು ತಿಂಗಳು ಮಳೆಯಲ್ಲಿ ಚೆನ್ನಾಗಿ ಬೆಳೆದಿರ್ತವೆ. ದಸರಾ ಕ್ಲೀನಿಂಗ್ ಹೇಗೂ ಮಾಡ್ತೀರಲ್ಲ, ಆ ದಿನ ಮಗನನ್ನು ಅಜ್ಜಿ ಮನೆಗೆ ಕಳಿಸಿ. ಒಣ ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ರೆಕ್ಕೆ, ಕಪಾಟಿನ ಮೇಲ್ಗಡೆ ಮರೀಬೇಡಿ. ಬೆಡ್‌ಶೀಟು, ದಿಂಬಿನ ಕವರು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಲ್ಲಿ ತೊಳೆದ್ರೆ ನುಸಿ ಸಾಯ್ತದೆ, ಹಾಸಿಗೆಯನ್ನು ಟೆರೇಸಿನ ಬಿಸಿಲಿಗೆ ಹಾಕಿ. ಬಾತ್‌ರೂಮಿನ ಗೋಡೆಯ ಬೂಸ್ಟಿಗೆ ಬ್ಲೀಚಿಂಗ್ ಹಾಕುವಾಗ ಟಾಯ್ಲೆಟ್ ಕ್ಲೀನರ್ ಆಸಿಡ್ ಜೊತೆ ಸೇರಿಸ್ಬೇಡಿ, ಕ್ಲೋರಿನ್ ಗ್ಯಾಸ್ ಎದ್ದು ಉಸಿರು ಕಟ್ಟುತ್ತದೆ.

ಉಸಿರು ಕುಯ್ ಅನ್ನುವುದಕ್ಕೆ ಮಾತ್ರ ಕ್ಲೀನಿಂಗ್ ಸಾಲ್ದು, ಮಕ್ಕಳ ಡಾಕ್ಟ್ರಿಗೆ ತೋರ್ಸಿ. ಇನ್‌ಹೇಲರ್ ಬರೆದ್ರೆ ಹೆದರ್ಬೇಡಿ, ಅಭ್ಯಾಸ ಆಗ್ತದೆ ಅನ್ನುವುದು ಸುಳ್ಳು. ಪಟಾಕಿ ಹೊಗೆ ಬರುವ ಮೊದಲೇ ಹೋಗಿ. ಮತ್ತೆ ಬಿಸಿನೀರಿನ ಪಾತ್ರೆ ಮುಂದೆ ಮಗುವನ್ನು ಕೂರಿಸಿ ಆವಿ ಹಿಡಿಸುವುದು ಬೇಡ, ಪಾತ್ರೆ ಮಗುಚಿ ಸುಟ್ಕೊಂಡ ಮಕ್ಕಳನ್ನು ನೋಡಿ ನೋಡಿ ಸಂಕಟ ಆಗ್ತದೆ.

ಏಣೆಲು (ಮಳೆಗಾಲದ ಭತ್ತದ) ಕೊಯ್ಲು ಹತ್ರ ಬಂತು. ಇಲಿಜ್ವರಕ್ಕೆ ಎಂತ ಜಾಗ್ರತೆ? (ಕೃಷಿಕ, ಬ್ರಹ್ಮಾವರ)

ಇಲಿಯ ಮೂತ್ರ ಸೇರಿದ ನೀರು, ಕೆಸರಿಂದ ಬರುವ ಜ್ವರ ಇದು, ಕಾಲಿನ ಸಣ್ಣ ಗಾಯದಲ್ಲೂ ಒಳಗೆ ಹೋಗ್ತದೆ. ಗಮ್‌ಬೂಟ್ ಹಾಕಿ, ಗಾಯಕ್ಕೆ ನೀರು ಹೋಗದ ಪಟ್ಟಿ ಕಟ್ಟಿ, ಗದ್ದೆಯಿಂದ ಬಂದ ಕೂಡ್ಲೇ ಸೋಪು ಹಾಕಿ ಕಾಲು ತೊಳೀರಿ. ಗದ್ದೆಗಿಳಿದ ಎರಡು ಮೂರು ವಾರದೊಳಗೆ ಜ್ವರ ಬಂದು ಮೀನಖಂಡ ಮುಟ್ಲಿಕ್ಕೆ ಆಗದಷ್ಟು ನೋವು, ಕಣ್ಣು ಕೆಂಪು ಇದ್ರೆ ಡಾಕ್ಟ್ರಿಗೆ ಮೊದಲ ಮಾತೇ "ನಾನು ಗದ್ದೆಯಲ್ಲಿ ಕೆಲಸ ಮಾಡಿದ್ದೆ" ಅಂತ ಹೇಳಿ. ಬೇಗ ಗೊತ್ತಾದ್ರೆ ಸಾಮಾನ್ಯ ಆಂಟಿಬಯೋಟಿಕ್ಕಲ್ಲೇ ಗುಣ ಆಗ್ತದೆ, ತಡ ಮಾಡಿದ್ರೆ ಕಿಡ್ನಿ, ಲಿವರ್ ಎರಡೂ ಕೆಡ್ತದೆ.

ಇಮ್ಯುನಿಟಿಗೆ ಅಂತ ದಿನಾ ಅಮೃತಬಳ್ಳಿ ಕಷಾಯ ಕುಡೀಬಹುದಾ? (ಕುಂದಾಪುರ)

ದಿನಾ, ತಿಂಗಳುಗಟ್ಟಲೆ ಬೇಡ. ಅಮೃತಬಳ್ಳಿ ತಗೊಂಡವರಲ್ಲಿ ಕೆಲವರಿಗೆ ಲಿವರ್ ತೊಂದರೆ ಆದದ್ದನ್ನು ಮುಂಬೈ ಡಾಕ್ಟ್ರುಗಳು 2021ರಲ್ಲಿ ವರದಿ ಮಾಡಿದ್ರು, ಆಯುಷ್ ಸಚಿವಾಲಯ ಅದನ್ನು ಒಪ್ಲಿಲ್ಲ. ನನ್ನ ಅಭಿಪ್ರಾಯ, ಸಂಶಯ ಇರುವಾಗ ಯಾಕೆ? ಆಯುರ್ವೇದದ ಋತುಚರ್ಯೆಯಲ್ಲೂ ಶರದೃತು ಅಂದ್ರೆ ಪಿತ್ತ ಕೆರಳುವ ಕಾಲ, ಹೊಟ್ಟೆ ಬಿರಿಯ ಉಣ್ಬೇಡಿ, ಬಿಸಿಲಲ್ಲಿ ತಿರುಗ್ಬೇಡಿ, ಹಗಲು ಮಲಗ್ಬೇಡಿ ಅಂತಲೇ ಇರುವುದು. ಕುಚ್ಚಲಕ್ಕಿ ಗಂಜಿ, ಒಂದೆಲಗದ ತಂಬುಳಿ, ಪುನರ್ಪುಳಿ ಸಾರು, ಇದೆಲ್ಲ ಈ ಸೆಕೆಗೆ ಹೇಳಿ ಮಾಡ್ಸಿದ್ದು. ಬೊಂಡ ಕುಡೀರಿ, ಕಿಡ್ನಿ ತೊಂದರೆ ಇದ್ದವರು ಮಾತ್ರ ಕೇಳಿ ಕುಡೀರಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. 60 ದಾಟಿದವರು, ಶುಗರ್, ಅಸ್ತಮಾ, ಹಾರ್ಟಿನ ತೊಂದರೆ ಇರುವವರು ವರ್ಷಕ್ಕೊಂದು ಫ್ಲೂ ಲಸಿಕೆ ತಗೊಳ್ಳಿ, ಕಷಾಯಕ್ಕಿಂತ ಅದು ಗಟ್ಟಿ.

ದೀಪಾವಳಿ ಕಳೆದ್ರೆ ಯಕ್ಷಗಾನ ಮೇಳ ಹೊರಡ್ತದೆ, ಮೇ ಕೊನೆಗೆ ಬರುವ ಪತ್ತನಾಜೆವರೆಗೆ ಅಪ್ಪನನ್ನು ಹಿಡಿಯುವವರಿಲ್ಲ. ಬಿಪಿ ಉಂಟು, ರಾತ್ರಿಯಿಡೀ ಆಟ ನೋಡಿ ಬೆಳಿಗ್ಗೆ ಬೈಕಲ್ಲಿ ಬರ್ತಾರೆ. (ಕಿನ್ನಿಗೋಳಿ)

ಆಟ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ಅವರ ಜೀವ. ವಾರಕ್ಕೆ ಒಂದು ಆಟ ಅಂತ ಒಪ್ಪಿಸಿ ನೋಡಿ. ಆಟ ಇರುವ ದಿನಕ್ಕೆ ಮಾತ್ರ ಮೇಲೆ ಹೇಳಿದ ಹಗಲು ನಿದ್ರೆಯ ಮಾತು ಬಿಟ್ಟುಬಿಡಿ, ಮಧ್ಯಾಹ್ನ ಎರಡು ಗಂಟೆ ಚೆನ್ನಾಗಿ ಮಲಗ್ಲಿ, ಬಿಪಿ ಮಾತ್ರೆ ಕಿಸೆಯಲ್ಲೇ ಇರ್ಲಿ, ಚಾ ಮೇಲೆ ಚಾ ಕುಡಿಯುವುದು ಬೇಡ. ಬೈಕಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿಯೇ ಹೇಳ್ತೇನೆ, ನಿದ್ದೆಗೆಟ್ಟವರಿಗೆ ಕಣ್ಣು ಮುಚ್ಚಿ ಬರುವ ಹೊತ್ತೇ ಬೆಳಗಿನ ಜಾವ, ಆಗ ಹೈವೇಗೆ ಇಳೀಬಾರ್ದು. ಊರಿನವರ ಜೊತೆ ರಿಕ್ಷಾವೋ ಜೀಪೋ ಮಾಡ್ಕೊಂಡು ಬರ್ಲಿ, ಇಲ್ಲದಿದ್ರೆ ನೀವೇ ಹೋಗಿ ಕರ್ಕೊಂಡು ಬನ್ನಿ.