ಡಿಎನ್‌ಎ ಒಂದೇ ಆದರೂ ನರಕೋಶಗಳಲ್ಲಿ ಇಷ್ಟೊಂದು ಬಗೆ ಯಾಕೆ?

ಮೈಯ ಹೆಚ್ಚುಕಡಿಮೆ ಎಲ್ಲಾ ಕೋಶಗಳಲ್ಲೂ ಒಂದೇ ಡಿಎನ್‌ಎ ಇರುವಾಗ ಮೆದುಳಿನ ಹೊರಪದರದಲ್ಲಿ ಅಷ್ಟು ಬಗೆಯ ನರಕೋಶಗಳು ಹೇಗೆ ಬಂದವು ಅಂತ ಕೇಳಿದ್ದೀರಿ. ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳಿಕೊಡುವವಳು. ಪ್ರತಿ ಬ್ಯಾಚಲ್ಲೂ ಒಬ್ಬರಾದರೂ ಇದನ್ನು ಕೇಳ್ತಾರೆ.

ಒಮ್ಮೆ ಮಕ್ಕಳನ್ನು ಮಣಿಪಾಲದ ಅನಾಟಮಿ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಕೊಯ್ದಿಟ್ಟ ಮೆದುಳಿನ ಅಂಚಿನುದ್ದಕ್ಕೂ ತೆಳ್ಳಗೆ ಒಂದು ಪಟ್ಟಿ ಕಾಣುತ್ತಿತ್ತು, ಅದೇ ಹೊರಪದರ. "ಇಷ್ಟೇನಾ ಮ್ಯಾಡಂ?" ಅಂದಳು ಒಬ್ಬಳು. ಇಷ್ಟೇ. ಸರಾಸರಿ 2.5 ಮಿಲಿಮೀಟರ್ ದಪ್ಪ, ನೀರುದೋಸೆ ಮಡಚಿಟ್ಟ ಹಾಗೆ. ಅದರಲ್ಲೇ ಸುಮಾರು 1,600 ಕೋಟಿ ನರಕೋಶಗಳು.

ಯಕ್ಷಗಾನದವರು ವೇಷ ಕಟ್ಟುವ ಚೌಕಿ ನೋಡಿದ್ದೀರಲ್ವಾ? ಮೇಳದ ಪೆಟ್ಟಿಗೆ ಎಲ್ಲರಿಗೂ ಒಂದೇ. ಕಿರೀಟ ಕಟ್ಟಿದವನು ರಾಜ, ಸೀರೆ ಉಟ್ಟವನು ಸ್ತ್ರೀವೇಷ. ನಮ್ಮ ಪೆಟ್ಟಿಗೆ ಅಂದ್ರೆ ಡಿಎನ್‌ಎ. ಅದರಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳೇ ಸುಮಾರು 20,000 ಇವೆ. ಯಾವುದು ಚಾಲೂ, ಯಾವುದು ಬಂದ್ ಅನ್ನುವುದರ ಮೇಲೆ ಕೋಶದ ವೇಷ. ಆದರೆ ಕಲಾವಿದ ನಾಳೆ ಬೇರೆ ವೇಷ ಕಟ್ಟಬಹುದು. ನರಕೋಶ ಸಾಮಾನ್ಯವಾಗಿ ಒಮ್ಮೆ ಕಟ್ಟಿದ್ದನ್ನು ಬಿಚ್ಚುವುದಿಲ್ಲ.

ಒಂದು ಜೀನಿಗೆ ಒಂದು ಬಗೆ ಅಂತ ಮಾತ್ರ ತಿಳಿಯಬೇಡಿ. ಗ್ಯಾಡ್1 ಜೀನ್ ಚಾಲೂ ಇರುವ ಕೋಶ ಗಾಬಾ ಎಂಬ ರಾಸಾಯನಿಕ ತಯಾರಿಸುತ್ತದೆ. ಅಕ್ಕಪಕ್ಕದ ಕೋಶಗಳನ್ನು ಸುಮ್ಮನಿರಿಸುವುದು ಅದರ ಕೆಲಸ. ಜೊತೆಗೆ ಪಾರ್ವಾಲ್ಬುಮಿನ್ ಜೀನೂ ಚಾಲೂ ಇದ್ದರೆ ಒಂದು ಗುಂಪು, ಸೊಮ್ಯಾಟೊಸ್ಟಾಟಿನ್ ಜೀನ್ ಚಾಲೂ ಇದ್ದರೆ ಇನ್ನೊಂದು. ಹೀಗೆ ಕವಲು ಒಡೆಯುತ್ತಾ ಹೋಗುತ್ತದೆ. ತಮಾಷೆ ಅಂದ್ರೆ, ಈ ಗಾಬಾ ಕೋಶಗಳಲ್ಲಿ ಹೆಚ್ಚಿನವು ಹುಟ್ಟುವುದು ಹೊರಪದರದಲ್ಲೇ ಅಲ್ಲ. ಭ್ರೂಣದ ಮೆದುಳಿನ ಒಳಗೆಲ್ಲೋ ಹುಟ್ಟಿ ಅಲ್ಲಿಂದ ತೆವಳಿಕೊಂಡು ಬರುತ್ತವೆ.

ಇದನ್ನು ಓದುವುದು ಹೇಗೆ? ಮೆದುಳಿನ ಚೂರನ್ನು ಅರೆದು, ಕೋಶಗಳ ನ್ಯೂಕ್ಲಿಯಸ್ ಬಿಡಿಸಿ, ಒಂದೊಂದರ ಆರ್‌ಎನ್‌ಎ, ಅಂದ್ರೆ ಚಾಲೂ ಇರುವ ಜೀನ್‌ಗಳ ನಕಲು, ಓದುತ್ತಾರೆ. ಯಾವ ಜೀನ್ ಕೆಲಸ ಮಾಡುತ್ತಿತ್ತು ಅಂತ ಅದರಲ್ಲಿ ಗೊತ್ತಾಗುತ್ತದೆ. 2019ರಲ್ಲಿ ಮನುಷ್ಯನ ಹೊರಪದರದ ಒಂದೇ ಜಾಗದಲ್ಲಿ, ನರಕೋಶ ಅಲ್ಲದವೂ ಸೇರಿ, 75 ಬಗೆಯ ಕೋಶಗಳು ಸಿಕ್ಕಿದವು. 2023ರಲ್ಲಿ ಇಡೀ ಮೆದುಳಿಗೆ 3,000ಕ್ಕೂ ಜಾಸ್ತಿ. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ ಅಂತ ಮಕ್ಕಳಿಗೆ ಹೇಳ್ತೇನೆ. ಕೆಲವು ಬಗೆಗಳು ಒಂದರೊಳಗೊಂದು ಬೆರೆತಿರುತ್ತವೆ, ಗೆರೆ ಎಲ್ಲಿ ಎಳೆದರೆ ಲೆಕ್ಕ ಹಾಗೆ.

ಜೀನ್ ಚಾಲೂ ಆಗಿದ್ದರಿಂದಲೇ ವೇಷ ಬಂತು ಅನ್ನಲಿಕ್ಕೆ ಸಾಕ್ಷಿ ಏನು ಅಂತ ನೀವು ಕೇಳಬಹುದು. ನನಗೆ ಇಷ್ಟವಾದ ಉತ್ತರ 2008ರ ಇಲಿಗಳದ್ದು. ಸ್ಯಾಟ್‌ಬಿ2 ಎಂಬ ಜೀನ್ ಕೆಲವು ನರಕೋಶಗಳಲ್ಲಿ ಇನ್ನೊಂದು ಜೀನನ್ನು ಅದುಮಿ ಹಿಡಿದಿರುತ್ತದೆ. ಈ ಕೋಶಗಳ ಸಂದೇಶ ಒಯ್ಯುವ ಎಳೆ ಮೆದುಳಿನ ಆಚೆ ಅರ್ಧಕ್ಕೆ ದಾಟುತ್ತದೆ. ಸ್ಯಾಟ್‌ಬಿ2 ತೆಗೆದಾಗ ಅದುಮಿಟ್ಟ ಜೀನ್ ಚಾಲೂ ಆಯಿತು, ಎಳೆಗಳು ಆಚೆ ದಾಟದೆ ಮೆದುಳಿನ ಕೆಳಭಾಗಗಳ ಕಡೆ ಇಳಿದವು.