ಅಪ್‌ಡೇಟ್ ಹೊತ್ತಿನಲ್ಲಿ ಜಾಲತಾಣಕ್ಕೆ ತಡೆ

ಪ್ರಶ್ನೆ: ಜಾಲತಾಣ ಅಪ್‌ಡೇಟ್ ಮಾಡುವಾಗ ಬೇರೆಯವರನ್ನು ತಡೆದು ನಾವಷ್ಟೇ ನೋಡುವುದು ಹೇಗೆ? ಕೆಲಸ ಮುಗಿದರೂ ಕೆಲವರಿಗೆ ‘ದುರಸ್ತಿಯಲ್ಲಿದೆ’ ಎಂದೇ ಕಾಣುವುದೇಕೆ?

ಉತ್ತರ: ಸರ್ವರ್ ಮಟ್ಟದಲ್ಲೇ ತಡೆಯಿರಿ. ನಿಮ್ಮ ಐಪಿ ವಿಳಾಸ ಬಿಟ್ಟು ಉಳಿದೆಲ್ಲರಿಗೂ ದುರಸ್ತಿ ಪುಟವನ್ನು 503 (‘ಸದ್ಯಕ್ಕೆ ಲಭ್ಯವಿಲ್ಲ’) ಸಂಕೇತದೊಂದಿಗೆ ಕಳುಹಿಸಿ. ಪುಟದ ಜೊತೆ ಸರ್ವರ್ ಕಳುಹಿಸುವ ಸೂಚನೆಯಾದ ‘ರಿಟ್ರೈ-ಆಫ್ಟರ್’ ಹೆಡರ್‌ನಲ್ಲಿ 3600 (ಸೆಕೆಂಡು) ಎಂದು ಕೊಟ್ಟರೆ, ಒಂದು ಗಂಟೆ ಬಿಟ್ಟು ಬನ್ನಿ ಎಂದರ್ಥ. ಬಹಳ ಜನ 200 (‘ಎಲ್ಲ ಸರಿಯಿದೆ’) ಸಂಕೇತ ಕಳುಹಿಸಿಬಿಡುತ್ತಾರೆ. ಆಗ ಹುಡುಕುತಾಣಗಳು ದುರಸ್ತಿ ಪುಟವನ್ನೇ ನಿಜವಾದ ಪುಟವೆಂದು ದಾಖಲಿಸಿಕೊಳ್ಳಬಹುದು. ಪುಟ ಶಾಶ್ವತವಾಗಿ ಬೇರೆಡೆಗೆ ಹೋಗಿದೆ ಎನ್ನುವ 301 ಅಂತೂ ಬೇಡವೇ ಬೇಡ: ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ನೀವು ತಡೆ ತೆಗೆದ ಮೇಲೂ ಓದುಗರನ್ನು ದುರಸ್ತಿ ಪುಟಕ್ಕೇ ಒಯ್ಯುತ್ತದೆ.

ನಿಮ್ಮ ತೊಂದರೆಗೆ ಈ 301 ಅಥವಾ ಕ್ಯಾಶ್ (ಮತ್ತೆ ಬಳಸಲು ಉಳಿಸಿಟ್ಟ ಪುಟದ ಪ್ರತಿ) ಕಾರಣ. ದುರಸ್ತಿ ಪುಟಕ್ಕೆ ‘ಕ್ಯಾಶ್-ಕಂಟ್ರೋಲ್: ನೋ-ಸ್ಟೋರ್’ ಹೆಡರ್ ಸೇರಿಸಿ; ಸಿಡಿಎನ್ (ಜಾಲತಾಣದ ಪ್ರತಿಗಳನ್ನು ಹಲವೆಡೆ ಇಟ್ಟು ಓದುಗರಿಗೆ ತಲುಪಿಸುವ ಸರ್ವರ್ ಜಾಲ) ಇದ್ದರೆ ಕೆಲಸ ಮುಗಿದೊಡನೆ ಅದರ ಕ್ಯಾಶ್ ಅಳಿಸಿ. ದುರಸ್ತಿ ಪುಟದ ಚಿತ್ರ, ಸಿಎಸ್‌ಎಸ್ (ಪುಟದ ವಿನ್ಯಾಸದ) ಕಡತಗಳನ್ನು ತಡೆಯಿಂದ ಹೊರಗಿಡಲು ಮರೆಯದಿರಿ.