ಕೆಲಸ ಮೆಕ್ಸಿಕೊಗೆ ಹೊರಟಾಗ ಯೂನಿಯನ್ ಏನು ಮಾಡಬಲ್ಲದು?

ಅಮೆರಿಕದಲ್ಲಿ ನೀವು ಇಪ್ಪತ್ತು ವರ್ಷ ದುಡಿದ ಕಾರ್ಖಾನೆ ಮೆಕ್ಸಿಕೊಗೆ ಹೊರಟಿದೆ, ಆ ನಿಷ್ಠೆಗೆ ಬೆಲೆಯಿಲ್ಲವೇ, ಯೂನಿಯನ್ ಇದನ್ನು ತಡೆಯಬಹುದೇ ಎಂದು ಕೇಳಿದ್ದೀರಿ.

ನಿಷ್ಠೆಯನ್ನು ಅಲ್ಲಿನ ಕಾನೂನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸೆವೆರೆನ್ಸ್, ಅಂದರೆ ಕೆಲಸದಿಂದ ತೆಗೆಯುವಾಗ ಕೊಡುವ ಪರಿಹಾರದ ಹಣ, ಕೊಡಲೇಬೇಕೆಂಬ ಫೆಡರಲ್ ನಿಯಮವೂ ಇಲ್ಲ. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಸದ್ಯಕ್ಕೆ ಕೈಹಿಡಿಯುವುದು ಬರವಣಿಗೆಯಲ್ಲಿ ಇರುವುದು ಮಾತ್ರ. ಮೊದಲು ಯೂನಿಯನ್ ಒಪ್ಪಂದ ತೆಗೆದು, ಹೊರಗುತ್ತಿಗೆ ಮತ್ತು ಸ್ಥಳಾಂತರದ ಬಗ್ಗೆ ಏನಿದೆ ಓದಿ. ನಿರ್ಬಂಧವಿದ್ದರೆ ಒಪ್ಪಂದದ ಅವಧಿ ಮುಗಿಯುವವರೆಗೆ ಹಿಡಿತ ನಿಮ್ಮದು.

ಏನೂ ಬರೆದಿಲ್ಲದಿದ್ದರೆ ಅಮೆರಿಕದ ಸುಪ್ರೀಂ ಕೋರ್ಟ್‌ನ 1981ರ ಫಸ್ಟ್ ನ್ಯಾಷನಲ್ ಮೇಂಟೆನೆನ್ಸ್ ತೀರ್ಪು ಅಡ್ಡ ಬರುತ್ತದೆ. ಆರ್ಥಿಕ ಕಾರಣಕ್ಕೆ ವ್ಯವಹಾರದ ಒಂದು ಭಾಗ ಮುಚ್ಚುವ ನಿರ್ಧಾರವನ್ನು ಯೂನಿಯನ್ ಜೊತೆ ಚರ್ಚಿಸಬೇಕಿಲ್ಲ, ಅದರ ಪರಿಣಾಮಗಳನ್ನು ಚರ್ಚಿಸಲೇಬೇಕು. ಮುಚ್ಚುವುದಲ್ಲ, ಅದೇ ಕೆಲಸವನ್ನು ಕೂಲಿ ಉಳಿಸಲು ಬೇರೆಡೆಗೆ ಒಯ್ಯುವುದು ಎಂದಾದರೆ ನಿರ್ಧಾರದ ಬಗ್ಗೆಯೂ ಕೂತು ಮಾತಾಡಬೇಕಾಗಬಹುದು. ಮಾತಾಡಬೇಕು ಅಷ್ಟೆ, ಒಪ್ಪಲೇಬೇಕೆಂದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ಸುದ್ದಿ ಬಂದ ಮೇಲೂ ಯೂನಿಯನ್ ಲಿಖಿತವಾಗಿ ಮಾತುಕತೆ ಕೇಳುವುದಿಲ್ಲ. ತಡಮಾಡಿದರೆ ಹಕ್ಕು ಬಿಟ್ಟುಕೊಟ್ಟಿರಿ ಎಂದು ಕಂಪನಿ ವಾದಿಸುತ್ತದೆ. ಅದೇ ವಾರ ಪತ್ರ ಕೊಡಿ, ಖರ್ಚಿನ ಲೆಕ್ಕ, ಯಂತ್ರ ಸಾಗಿಸುವ ವೇಳಾಪಟ್ಟಿ ಕೇಳಿ. ಕಂಪನಿ ಮಾತುಕತೆಗೆ ಕೂರದಿದ್ದರೆ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ 6 ತಿಂಗಳೊಳಗೆ ದೂರು ಹೋಗಬೇಕು. ಯಂತ್ರಗಳು ಸಾಗುವ ಮೊದಲು ಕಂಪನಿಗೆ ದಾಸ್ತಾನು ಬೇಕು, ಹೊಸಬರಿಗೆ ಕೆಲಸ ಕಲಿಸುವವರು ಬೇಕು. ಚೌಕಾಸಿಯ ಬಲವೆಲ್ಲ ಆ ತಿಂಗಳುಗಳಲ್ಲೇ ಇದೆ. ಸೇವೆಯ ವರ್ಷಕ್ಕಿಷ್ಟು ವಾರದ ಸಂಬಳ, ಆರೋಗ್ಯ ವಿಮೆಯ ಮುಂದುವರಿಕೆ, ಬೇರೆ ಘಟಕಗಳಲ್ಲಿ ಸೇವಾ ಹಿರಿತನದ ಮೇಲೆ ಕೆಲಸ, ಇವನ್ನು ಆಗಲೇ ಬರೆಸಿಕೊಳ್ಳಿ. ಒಪ್ಪಂದದಲ್ಲಿ ಮುಷ್ಕರ ನಿಷೇಧವಿದ್ದರೆ ಮಾತ್ರ ಕೆಲಸ ನಿಲ್ಲಿಸಬೇಡಿ, ವಜಾ ಮಾಡಲು ಕಾರಣ ಕೊಟ್ಟಂತಾಗುತ್ತದೆ.

100 ಅಥವಾ ಹೆಚ್ಚು ಪೂರ್ಣಾವಧಿ ನೌಕರರಿರುವ ಕಂಪನಿ ಘಟಕ ಮುಚ್ಚಿ ಅಲ್ಲಿನ ಕನಿಷ್ಠ 50 ಜನರ ಕೆಲಸ ಕಳೆಯುವುದಾದರೆ, 1988ರ ವಾರ್ನ್ ಕಾಯ್ದೆಯಂತೆ ಸಾಮಾನ್ಯವಾಗಿ 60 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ತಪ್ಪಿದರೆ ಗರಿಷ್ಠ 60 ದಿನಗಳ ಸಂಬಳ, ಸೌಲಭ್ಯ ಬಾಕಿ ಬರುತ್ತದೆ.

ಸೆವೆರೆನ್ಸ್ ಜೊತೆ ಬರುವ ಹಕ್ಕು ಬಿಡುಗಡೆ ಪತ್ರಕ್ಕೆ (ಕಂಪನಿಯ ಮೇಲೆ ದಾವೆ ಹೂಡುವ ಹಕ್ಕು ಬಿಟ್ಟುಕೊಡುವ ಪತ್ರ) ಅಲ್ಲೇ ಸಹಿ ಹಾಕಬೇಡಿ. ನಿಮಗೆ 40 ತುಂಬಿದ್ದು, ಸಾಮೂಹಿಕ ಲೇಆಫ್ ಆಗಿದ್ದು, ಆ ಪತ್ರ ವಯೋಭೇದದ ದಾವೆಯನ್ನೂ ಬಿಡಿಸಿಕೊಳ್ಳುವುದಾದರೆ, ಯೋಚಿಸಲು 45 ದಿನ, ಸಹಿಯ ನಂತರ ಹಿಂಪಡೆಯಲು 7 ದಿನ ನಿಮಗಿದೆ.